ಮಂಗನಿಗೆ ಬಾಳೆಹಣ್ಣು, ಪುಣ್ಯ ಯಾರಿಗೆ?

ಆಗುಂಬೆಗೆ ಹೋಗಿ ಬಂದವರ ದೂರು ಒಂದೇ: "ಏನೂ ಕಾಣಲಿಲ್ಲ ಕಣ್ರೀ. ಬರೀ ಮರ, ಮಳೆ, ಇಂಬಳ." ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಡಿನಲ್ಲಿ ಇನ್ನೇನು ಕಾಣಬೇಕಿತ್ತು? ಹುಲಿ ಬಂದು ನಮಸ್ಕಾರ ಹೇಳಬೇಕಿತ್ತೇ?

ನನ್ನ ತಕರಾರು ಇರುವುದು ಈ ನಿರೀಕ್ಷೆಯ ಬಗ್ಗೆಯೇ. ದುಡ್ಡು ಕೊಟ್ಟು ವ್ಯಾನು ಮಾಡಿಕೊಂಡು ಬಂದಿದ್ದೇವೆ, ಪ್ರಾಣಿ ಎದುರಿಗೆ ಬರಲೇಬೇಕು! ತಾನಾಗಿ ಬಾರದಿದ್ದರೆ ಬಾಳೆಹಣ್ಣು ತೋರಿಸಿ ಬರಿಸುತ್ತೇವೆ. ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಮಂಗಗಳಿಗೆ ಚಿತ್ರಾನ್ನ, ಬಿಸ್ಕತ್ತು ಎಸೆಯುವುದನ್ನು ನಾನು ಹೋದಾಗಲೆಲ್ಲ ನೋಡಿದ್ದೇನೆ. ಎಸೆಯುವ ಕೈಗಳಲ್ಲಿ ಬಳೆ ತೊಟ್ಟ ಕೈಗಳೇ ಹೆಚ್ಚು. ಹನುಮಂತನ ವಂಶ, ಪಾಪ ಹಸಿದಿದೆ, ಕೊಟ್ಟರೆ ಪುಣ್ಯ ಎಂಬ ವಾದ ಬೇರೆ.

ಹಸಿದಿದೆ ಎಂದವರು ಯಾರು? ಹಣ್ಣು, ಚಿಗುರು, ಹುಳುಹುಪ್ಪಟೆ ತುಂಬಿದ ಕಾಡು ಅದರ ಬೆನ್ನ ಹಿಂದೆಯೇ ಇದೆ. ಎಸೆದ ಅನ್ನದ ರುಚಿ ಹತ್ತಿದ ಮಂಗ ರಸ್ತೆ ಬಿಟ್ಟು ಕದಲುವುದಿಲ್ಲ. ತಾಯಿ ರಸ್ತೆಗೆ ಬಂದರೆ ಎದೆಗೆ ಅಂಟಿಕೊಂಡ ಮರಿಯೂ ಬಂತು. ತಿರುವಿನಲ್ಲಿ ಬರುವ ಲಾರಿಗೆ ಪಾಪ ಪುಣ್ಯ ಗೊತ್ತಿಲ್ಲ. ನಾಳೆ ಅದೇ ಮಂಗ ಯಾರದೋ ಕೈಚೀಲ ಕಿತ್ತುಕೊಂಡರೆ "ಹಾಳು ಕೋತಿ" ಎಂದು ಕಲ್ಲು ಹುಡುಕುವವರೂ ನಾವೇ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕ ಹೆಚ್ಚಾಗಿ ಮರದ ಮೇಲೆಯೇ ಬದುಕುವ ಪ್ರಾಣಿ. ಅದಕ್ಕೂ ಈ ಚಟ ಹತ್ತಿಸಿದರೆ ಗತಿಯೇನು? ಹಣ್ಣು ತಿಂದು, ಬೀಜ ಚೆಲ್ಲಿ, ಕಾಡು ಬೆಳೆಸುವ ಕೆಲಸವನ್ನು ಆಮೇಲೆ ಯಾರು ಮಾಡಬೇಕು?

"ಮಕ್ಕಳಿಗೆ ಖುಷಿ ಅಲ್ಲವೇ?" ಎನ್ನುತ್ತೀರಿ. ಪಕ್ಕದ ಮನೆಗೆ ಹೋದಾಗ, ನಮ್ಮ ಮಕ್ಕಳಿಗೆ ಖುಷಿಯೆಂದು ಅವರ ಕೂಸಿನ ಬಾಯಿಗೆ ಕೇಳದೆ ಏನಾದರೂ ತುರುಕುತ್ತೇವೆಯೇ?

ಹಾಗಾದರೆ ಕಾಡಿಗೆ ಹೋಗಲೇಬಾರದೇ? ಖಂಡಿತ ಹೋಗಬೇಕು, ಆದರೆ ಅತಿಥಿಗಳ ಹಾಗೆ. ಆ ಮರಗಳ ನಡುವೆ ಏನೇನು ನಡೆಯುತ್ತದೆ ಗೊತ್ತೇ? ಹೆಣ್ಣು ಮಂಗಟ್ಟೆ ಹಕ್ಕಿ ಪೊಟರೆಯೊಳಗೆ ಕುಳಿತು ಬಾಗಿಲು ಮೆತ್ತಿಕೊಳ್ಳುತ್ತದೆ. ವಾರಗಟ್ಟಲೆ ಗಂಡುಹಕ್ಕಿ ಹಣ್ಣು ತಂದು ಸಣ್ಣ ಸೀಳಿನಿಂದ ಉಣಿಸುತ್ತದೆ. ಬಾಣಂತನ ಮಾಡುವ ಗಂಡ! ನಮ್ಮ ವ್ಯಾನಿನ ಹಾಡಿನ ಅಬ್ಬರಕ್ಕೆ ಅವನು ಬೆದರಿ ದೂರ ಉಳಿದರೆ ಒಳಗಿನ ಬಾಣಂತಿಗೆ ಉಪವಾಸ. ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗದ ಕುಲವೊಂದೇ. ಘಟ್ಟದ ಕಾಳಿಂಗ ಬೇರೆಯೇ ಜಾತಿಯೆಂದು 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟರು.

ಇವು ಯಾವುವೂ ನಮ್ಮ ಕಣ್ಣಿಗೆ ಬೀಳದಿರಬಹುದು. ಬೀಳದಿದ್ದರೆ ನಷ್ಟವೇನು? ಹೆರಿಗೆ ಕೋಣೆಯ ಬಾಗಿಲು ತಳ್ಳಿ ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಪ್ರವಾಸಕ್ಕೆ ಬುತ್ತಿ ಕಟ್ಟುವವರು ನಾವೇ ತಾನೇ? ಹಾಗಾದರೆ ಘಾಟಿಯಲ್ಲಿ ಬುತ್ತಿಯ ಗಂಟು ಬಿಚ್ಚದಿರುವ ಅಧಿಕಾರವೂ ನಮ್ಮದೇ. ಗಂಡಸರು, ಮಕ್ಕಳು ಎಷ್ಟೇ ಕೇಳಲಿ, ಅದನ್ನು ಚಲಾಯಿಸೋಣ.