ಹಿಂದಿನ ಅಚ್ಚಿನ ಎಣ್ಣೆ

ಎತ್ತಿನ ಗಾಡಿಯ ಕಾಲದಲ್ಲಿ ಎಣ್ಣೆಯ ಆಯ್ಕೆ ಕಷ್ಟದ ಕೆಲಸವಾಗಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿದರೆ ಕೀಲೆಣ್ಣೆ ಸಿದ್ಧ. ಚಕ್ರ ಕಿರುಗುಟ್ಟಿದಾಗ ಅಚ್ಚಿಗೆ ಬಳಿದರೆ ಸಂತೆಯ ದಾರಿ ಸುಗಮ. ಗಾಡಿಯ ಜಾಗಕ್ಕೆ ಲಾರಿ ಬಂದಿತು. ಎಣ್ಣೆಯೇ ಒಂದು ಶಾಸ್ತ್ರವಾಯಿತು.

ದುರ್ಗಿಗುಡಿಯಲ್ಲಿ ನಮ್ಮ ನೆರೆಯವರೊಬ್ಬರಿಗೆ ಇರುವುದು ಒಂದೇ ಲಾರಿ. ಸರಕು ಹೇರಿಕೊಂಡು ಬಾಳೆಬರೆ ಘಾಟಿಯನ್ನು ಇಳಿಯಬೇಕು, ಕುಂದಾಪುರದ ಕಡೆಯಿಂದ ಸಿಕ್ಕ ಬಾಡಿಗೆ ಹಿಡಿದು ಹತ್ತಬೇಕು. ಮನೆಯ ದಿನಸಿ, ಮಕ್ಕಳ ಫೀಸು, ಲಾರಿಯ ಕಂತು, ಎಲ್ಲವೂ ಆ ಚಕ್ರಗಳ ಮೇಲೆಯೇ ಉರುಳಬೇಕು. "ಮೇಷ್ಟ್ರೇ, ಹಿಂದಿನ ಡಿಫರೆನ್ಷಿಯಲ್ಲಿಗೆ ಸಿಂಥೆಟಿಕ್ ಆಯಿಲ್ ಹಾಕ್ಸಿ ಅಂತಾರೆ. ಬೆಲೆ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಡಬ್ಬದ ಮೇಲೆ ಏನು ಬರೆದಿದೆ, ಸ್ವಲ್ಪ ನೋಡಿ ಹೇಳಿ" ಎಂದರು. ಕನ್ನಡ ಮೇಷ್ಟರಿಗೆ ಈ ಗೊಡವೆ ಏಕೆಂದು ವಾಚಕರು ನಗಬಹುದು. ಆದರೆ ಅರ್ಥ ತಿಳಿಯದ ಪದಕ್ಕೆ ಹಣ ತೆರುವ ಪ್ರಸಂಗವಿದು. ಪದದ ಅರ್ಥ ಬಿಡಿಸುವುದು ನಮ್ಮ ಕಸುಬೇ ಅಲ್ಲವೆ?

ಮೊದಲು ಯಂತ್ರದ ವಿಚಾರ. ಲಾರಿ ತಿರುಗುವಾಗ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಚಕ್ರಗಳ ನಡುವಣ ಅಂತರ 1.8 ಮೀಟರ್ ಎಂದಿಟ್ಟುಕೊಂಡರೆ, ಲಾರಿಯು ಬಂದ ದಿಕ್ಕಿಗೇ ಮುಖ ತಿರುಗಿಸುವ ಒಂದೊಂದು ತಿರುವಿನಲ್ಲಿಯೂ ಈ ವ್ಯತ್ಯಾಸ ಸುಮಾರು 5.65 ಮೀಟರ್. ಅದನ್ನು ಸರಿದೂಗಿಸುವುದೇ ಡಿಫರೆನ್ಷಿಯಲ್. ಅದೇ ಪೆಟ್ಟಿಗೆಯೊಳಗೆ ಸಣ್ಣ ಪಿನಿಯನ್ ಚಕ್ರವು ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಅನೇಕ ವಾಹನಗಳಲ್ಲಿ ಪಿನಿಯನ್ನನ್ನು ಕ್ರೌನಿನ ನಡುಮಟ್ಟದಿಂದ ಸರಿಸಿ ಕೂರಿಸಿರುತ್ತಾರೆ; ಇದಕ್ಕೆ ಹೈಪಾಯ್ಡ್ ಎಂದು ಹೆಸರು. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಮೋಟಾರುಗಳಲ್ಲಿ ಬಳಕೆಗೆ ಬಂದ ಏರ್ಪಾಡು ಇದು. ಇಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆಯ ಪೊರೆ ಹರಿದುಹೋಗುತ್ತದೆ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ನೆರೆಯವರಾದ ನಮಗೆ, ಕಾದ ಲೋಹ ಲೋಹಕ್ಕೆ ಬೆಸೆದುಕೊಳ್ಳುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಹಾಗಾಗದಂತೆ ಗೇರ್ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಅವು ಕಾದ ಹಲ್ಲುಗಳ ಮೇಲೆ ತೆಳುವಾದ ಕವಚವೊಂದನ್ನು ಕಟ್ಟುತ್ತವೆ.

ಈಗ ಡಬ್ಬದ ಬರಹ. ಜಿ.ಎಲ್.-4, ಜಿ.ಎಲ್.-5 ಎಂಬುವು ಈ ಕವಚಶಕ್ತಿಯ ದರ್ಜೆಗಳು. ಹೈಪಾಯ್ಡ್ ಅಚ್ಚಿಗೆ ಸಾಮಾನ್ಯವಾಗಿ ಬೇಕಾದದ್ದು ಜಿ.ಎಲ್.-5. ಹಾಗೆಂದು ಅದನ್ನೇ ಗೇರ್‌ಬಾಕ್ಸಿಗೂ ಸುರಿಯಬಾರದು; ಅಲ್ಲಿರಬಹುದಾದ ಹಿತ್ತಾಳೆಯ ಉಂಗುರಗಳನ್ನು ಅದು ಸವೆಸೀತು. 80 ಡಬ್ಲ್ಯು-90, 85 ಡಬ್ಲ್ಯು-140 ಎಂಬ ಅಂಕಿಗಳು ಎಣ್ಣೆಯ ಮಂದತೆಯನ್ನು ತಿಳಿಸುತ್ತವೆ: ಡಬ್ಲ್ಯು ಜೊತೆಗಿನದು ಚಳಿಯಲ್ಲಿ, ಕೊನೆಯದು ಬಿಸಿಯಲ್ಲಿ. 75 ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 80 ಡಬ್ಲ್ಯು ಎಣ್ಣೆಯನ್ನು 26 ಡಿಗ್ರಿ ಕೆಳಗೆ. ಹಿಮಾಲಯಕ್ಕೆ ಹೋಗುವ ಲಾರಿಗೆ ಈ ಗುಣ ಬೇಕು. ಶಿವಮೊಗ್ಗೆಯ ಮಾಗಿಗೆ ಅದರ ಅಗತ್ಯವಿಲ್ಲ.

ಹಾಗಾದರೆ ಸಿಂಥೆಟಿಕ್ ಎಂದರೇನು? ಅದು ದರ್ಜೆಯ ಹೆಸರಲ್ಲ, ಹುಟ್ಟಿನ ಹೆಸರು. ಖನಿಜತೈಲವು ನೆಲದ ಕಚ್ಚಾ ಎಣ್ಣೆಯನ್ನು ಶೋಧಿಸಿದ್ದು. ಅದರಲ್ಲಿ ನಾನಾ ಗಾತ್ರದ ಅಣುಗಳು. ಸಿಂಥೆಟಿಕ್ಕಿನಲ್ಲಿ ಹೆಚ್ಚು ಕಡಿಮೆ ಒಂದೇ ಬಗೆಯ ಅಣುಗಳನ್ನು ಕಾರ್ಖಾನೆಯಲ್ಲಿಯೇ ಕಟ್ಟಿರುತ್ತಾರೆ. ಆದ್ದರಿಂದ ಅದು ಬಿಸಿಗೆ ಬೇಗ ತೆಳುವಾಗದು, ಬೇಗ ಕೆಡದು, ಹೆಚ್ಚು ಕಾಲ ಬಾಳುತ್ತದೆ. ಭಾರ ಹೇರಿ ಘಾಟಿ ಹತ್ತುವ ಲಾರಿಗೆ ಇದು ನಿಜವಾದ ಲಾಭವೇ. ಆದರೆ ಲೆಕ್ಕ ನೋಡಿ: ಬೆಲೆ ಮೂರು ಪಟ್ಟಾದರೆ ಎಣ್ಣೆ ಮೂರು ಪಟ್ಟು ದೂರ ಓಡಬೇಕು. ಅಷ್ಟು ದೂರ ಓಡಿಸಲು ಲಾರಿ ತಯಾರಿಸಿದವರ ಒಪ್ಪಿಗೆ ಇದೆಯೆ? ಇಲ್ಲವಾದರೆ, ಹಳೆಯ ಗಡುವಿಗೇ ಚೆಲ್ಲುವ ಎಣ್ಣೆಗೆ ಮೂರು ಪಟ್ಟು ಬೆಲೆ ಕೊಟ್ಟಂತಾಯಿತು.

ಮಲೆನಾಡಿನಲ್ಲಿ ಇನ್ನೊಬ್ಬ ಶತ್ರುವಿದ್ದಾನೆ: ನೀರು. ಆಗುಂಬೆಯಲ್ಲಿ ವರುಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹುಲಿಕಲ್ಲೂ ಮಳೆಯ ತವರೇ. ಕಾದ ಡಿಫರೆನ್ಷಿಯಲ್ ಪೆಟ್ಟಿಗೆ ತುಂಬಿದ ಹಳ್ಳಕ್ಕೆ ಇಳಿದು ತಟಕ್ಕನೆ ತಣ್ಣಗಾದರೆ, ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ, ಅದೆಷ್ಟು ಬೆಲೆಯದಾದರೂ ಚೆಲ್ಲಲೇಬೇಕು. ನೀರು ಅಗ್ಗದ ಎಣ್ಣೆಯನ್ನೂ ದುಬಾರಿ ಎಣ್ಣೆಯನ್ನೂ ಸಮನಾಗಿಯೇ ಕೆಡಿಸುತ್ತದೆ.

ಆದುದರಿಂದ ಮೊದಲು ಲಾರಿಯ ಕೈಪುಸ್ತಕವನ್ನು ನೋಡಿ, ಅದರಲ್ಲಿ ಹೇಳಿರುವ ದರ್ಜೆ ಮತ್ತು ಮಂದತೆಯ ಎಣ್ಣೆಯನ್ನೇ ಕೊಳ್ಳಬೇಕು. ಮಳೆಗಾಲದ ಮುನ್ನ ಉಸಿರುಗೊಳವೆಯನ್ನೂ ಸೀಲುಗಳನ್ನೂ ನೋಡಿಸಬೇಕು. ಮಳೆಗಾಲ ಕಳೆದ ಮೇಲೆ ಎಣ್ಣೆಯ ಬಣ್ಣವನ್ನು ನೋಡಬೇಕು. ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಣ್ಣೆ ತುಂಬುವ ರಂಧ್ರದ ಕೆಳಅಂಚಿನವರೆಗೆ ಎಣ್ಣೆ ಇದೆಯೇ ಎಂದು ಪರೀಕ್ಷಿಸಬೇಕು. ಕೆಳಗಿನ ಬಿರಡೆಯ ಅಯಸ್ಕಾಂತದಲ್ಲಿ ನುಣುಪಾದ ಕಪ್ಪು ಲೇಪ ಕಂಡರೆ ಭಯವಿಲ್ಲ. ಲೋಹದ ಚೂರು ಕಂಡರೆ ತಡಮಾಡದೆ ಮೆಕ್ಯಾನಿಕ್ಕಿಗೆ ತೋರಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ, ಗಡುವಿನ ಲೆಕ್ಕ ಸರಿಹೊಂದಿದರೆ ಸಿಂಥೆಟಿಕ್ ಧಾರಾಳವಾಗಿ ಬರಲಿ. ಇಷ್ಟನ್ನು ಮಾಡದಿದ್ದರೆ, ಅತಿ ಬೆಲೆಯ ಡಬ್ಬವೂ ನಡುಘಾಟಿಯಲ್ಲಿ ಲಾರಿ ನಿಲ್ಲುವುದನ್ನು ತಪ್ಪಿಸಲಾರದು.