ಯಾರ ಎದುರು ಯಾರು ಆಡಬೇಕು?

ಮೂರು ವರ್ಷದ ಹಿಂದಿನ ಮಾತು. ಪಕ್ಕದ ತಾಲ್ಲೂಕಿನ ಒಂದು ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇತ್ತು. 55 ಕೆ.ಜಿ. ವಿಭಾಗ. ಪರಿಚಯದ ಅಣ್ಣನೊಬ್ಬ ಫೋನ್ ಮಾಡಿ, ‘ನಮ್ ಟೀಮಿಗೆ ಒಬ್ಬ ರೈಡರ್ ಬೇಕು ಕಣ್ಲಾ. ಬಾ, ಐನೂರು ಕೊಡಿಸ್ತೀನಿ’ ಅಂದ. ನಾನಾಗ 61 ಕೆ.ಜಿ. ಇದ್ದೆ. ‘ತೂಕದ್ದು ಎಂಗಣ್ಣ?’ ಅಂದೆ. ‘ಅದೆಲ್ಲ ನಾವು ನೋಡ್ಕೋತೀವಿ’ ಅಂದ.

ನಾನು ಹೋಗುವಷ್ಟರಲ್ಲಿ ತೂಕ ಹಾಕುವುದು ಮುಗಿದಿತ್ತು. ಆ ಊರಿನ ಪಿಯುಸಿ ಹುಡುಗನೊಬ್ಬ ತೂಕ ಕೊಟ್ಟು, ಹೆಸರು ಬರೆಸಿದ್ದ. ರಾತ್ರಿ ಹತ್ತು ಗಂಟೆಗೆ ಅವನ ಜೆರ್ಸಿ ನನ್ನ ಮೈಮೇಲೆ ಬಂತು. ನಾನು ಪಾಯಿಂಟ್ ತಂದಾಗಲೆಲ್ಲ ಮೈಕಿನಲ್ಲಿ ಅವನ ಹೆಸರು ಕೂಗುತ್ತಿದ್ದರು. ಅವನು ಹಗ್ಗದ ಆಚೆ ನೆಲದ ಮೇಲೆ ಕೂತು ನೋಡುತ್ತಿದ್ದ.

ನಾವು ಗೆದ್ದೆವು. ಬೆಳಗಿನ ಜಾವ ಜೆರ್ಸಿ ವಾಪಸ್ ಕೊಟ್ಟಾಗ ಆ ಹುಡುಗ ‘ಚೆನ್ನಾಗಿ ಆಡಿದ್ರಿ ಅಣ್ಣ’ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನು ಬಹುಶಃ ಮರೆತುಬಿಡುತ್ತಿದ್ದೆ. ಮುಂದಿನ ವರ್ಷ ಅವನು ಕಬಡ್ಡಿ ಬಿಟ್ಟಿದ್ದಾನೆ ಎಂದು ಗೊತ್ತಾಯಿತು.

ನಾನು ದೊಡ್ಡಬಳ್ಳಾಪುರದಲ್ಲಿ ಪದವಿ ಅಂತಿಮ ವರ್ಷ ಓದುತ್ತಿದ್ದೇನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಹೀಗೆ ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಆಡಿದ್ದೇನೆ. ಪಂದ್ಯಾವಳಿ ಮುಗಿದ ಮೇಲೆ ಎಲ್ಲರೂ ಮಾತಾಡುವುದು ಗೆದ್ದವರ ಬಗ್ಗೆ, ಬಹುಮಾನದ ಮೊತ್ತದ ಬಗ್ಗೆ, ಬಂದಿದ್ದ ಮುಖಂಡರ ಬಗ್ಗೆ. ಯಾರ ಎದುರು ಯಾರನ್ನು ನಿಲ್ಲಿಸಿದರು ಎಂದು ಯಾರೂ ಕೇಳುವುದಿಲ್ಲ. ಆದರೆ ಒಬ್ಬ ಹುಡುಗ ಆಟದಲ್ಲಿ ಉಳಿಯುತ್ತಾನೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲೇ ಎಂಬುದು ನನ್ನ ಅನುಭವ.

ನಾಲ್ಕು ಬಗೆಯ ಗೆರೆ

ಎಳೆಯರ ಆಟದಲ್ಲಿ ತಂಡಗಳನ್ನು ವಿಂಗಡಿಸಲು ಮುಖ್ಯವಾಗಿ ನಾಲ್ಕು ದಾರಿಗಳಿವೆ: ವಯಸ್ಸು, ತೂಕ, ಊರು ಮತ್ತು ಆಟದ ಮಟ್ಟ.

ಶಾಲಾ ಕ್ರೀಡಾಕೂಟಗಳು ನಡೆಯುವುದು ವಯಸ್ಸಿನ ಮೇಲೆ. ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳಿವೆ. ನಮ್ಮಲ್ಲಿ ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಬೇಕು. ಕಬಡ್ಡಿಯಲ್ಲಿ ತೂಕವೂ ಸೇರುತ್ತದೆ. ಸೀನಿಯರ್ ಪುರುಷರಿಗೇ 85 ಕೆ.ಜಿ. ಮಿತಿ ಇದೆ. ಜೂನಿಯರ್, ಸಬ್ ಜೂನಿಯರ್‌ಗಳಲ್ಲಿ ವಯಸ್ಸು, ತೂಕ ಎರಡೂ ಮಿತಿಯೊಳಗಿರಬೇಕು.

ಊರಿನ ಲೆಕ್ಕದಲ್ಲಿ ತಂಡ ಕಟ್ಟುವುದಕ್ಕೆ ಕೊಡಗಿಗಿಂತ ಚೆಂದದ ಉದಾಹರಣೆ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ ತಂಡ ಎಂದರೆ ಒಂದು ಮನೆತನ. ಮೊದಲ ವರ್ಷ 60 ಮನೆತನಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ 360 ತಂಡಗಳಿದ್ದವು, ಗಿನ್ನೆಸ್ ದಾಖಲೆಯೂ ಆಯಿತು. ಅಲ್ಲಿ ಮಾವ ಅಳಿಯನ ವಯಸ್ಸು ಕೇಳುವವರಿಲ್ಲ. ಆದರೆ ಬೇರೆ ಮನೆತನದವನನ್ನು ಕರೆತಂದು ನಮ್ಮವನೇ ಎಂದು ನಿಲ್ಲಿಸಿದರೆ ಇಡೀ ಮೈದಾನಕ್ಕೆ ಗೊತ್ತಾಗುತ್ತದೆ. ನಿಯಮ ಸರಳವಾಗಿದೆ, ಅದನ್ನು ಕಾಯುವವರು ನೋಡುಗರೇ.

ಇನ್ನು ಆಟದ ಮಟ್ಟ. ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ಸೂಪರ್ ಡಿವಿಷನ್, ಎ, ಬಿ, ಸಿ ಡಿವಿಷನ್ ಎಂದು ಹಂತಗಳಿವೆ. ಚೆನ್ನಾಗಿ ಆಡಿದ ತಂಡ ಮೇಲಕ್ಕೆ ಹೋಗುತ್ತದೆ, ಸೋತದ್ದು ಕೆಳಗಿಳಿಯುತ್ತದೆ. ಕ್ರಿಕೆಟ್‌ನಲ್ಲೂ ಹೀಗೇ. ಹೊಸದಾಗಿ ಕಟ್ಟಿದ ತಂಡ ಮೊದಲ ದಿನವೇ ಹಳೇ ಹುಲಿಗಳ ಬಾಯಿಗೆ ಬೀಳುವುದಿಲ್ಲ. ಆ ಬೆಂಗಳೂರಿನಿಂದ ನಮ್ಮೂರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಆದರೆ ಹಂತಗಳಿರುವ ಲೀಗ್ ಒಂದನ್ನೂ ನಾನು ನಮ್ಮ ಹಳ್ಳಿಗಳ ಕಡೆ ಆಡಿಲ್ಲ. ಆಡಿದ್ದೆಲ್ಲ ನಾಕ್‌ಔಟ್.

ನಾಕ್‌ಔಟ್ ಲೆಕ್ಕ ನೋಡಿ. 32 ತಂಡ ಬಂದರೆ 16 ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಪ್ರವೇಶ ಶುಲ್ಕ ಕಟ್ಟಿ, ಟಾಟಾ ಏಸ್ ಬಾಡಿಗೆ ಕೊಟ್ಟು, ಮಗ್ಗದ ಕೆಲಸಕ್ಕೆ ರಜೆ ಹಾಕಿ ಬಂದವರು ಆಡಿದ್ದು ಅರ್ಧ ಗಂಟೆ. ಅದೂ ಬಾಡಿಗೆ ಆಟಗಾರರಿದ್ದ ತಂಡದ ಎದುರು.

ಜೂನ್ 1ರಂದು ಹುಟ್ಟಿದವರು

ವಯಸ್ಸಿನ ಗೆರೆ ಎಳೆಯುವುದು ಸುಲಭ ಅನ್ನಿಸುತ್ತದೆ. ಆದರೆ ನಮ್ಮಪ್ಪನ ಹುಟ್ಟಿದ ದಿನ ಜೂನ್ 1. ಚಿಕ್ಕಪ್ಪನದ್ದೂ ಜೂನ್ 1. ಪಕ್ಕದ ಮನೆಯ ಮೂವರದ್ದೂ ಅದೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಗುವಿನ ಎತ್ತರ ನೋಡಿ ಬರೆದುಕೊಂಡ ತಾರೀಖು ಅದು. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಜೂನ್ 1ರವರು ಸಿಗುತ್ತಾರೆ. ನಮ್ಮ ತಲೆಮಾರಿಗೆ ಜನನ ಪ್ರಮಾಣಪತ್ರ ಇದೆ. ಆದರೂ ‘ಒಂದೆರಡು ವರ್ಷ ಕಮ್ಮಿ ಇದ್ದರೆ ಮುಂದೆ ಅನುಕೂಲ’ ಎಂಬ ಬುದ್ಧಿ ಪೂರ್ತಿ ಹೋಗಿಲ್ಲ.

ಇದು ಹಳ್ಳಿಯ ರೋಗ ಮಾತ್ರವಲ್ಲ. ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲಿ ವಯಸ್ಸಿನ ವಂಚನೆ ತಡೆಯಲೆಂದೇ ಒಂದು ಸಂಹಿತೆ ತರಬೇಕಾಯಿತು. ಕ್ರಿಕೆಟ್ ಮಂಡಳಿ 16 ವರ್ಷದೊಳಗಿನ ಹುಡುಗರ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಮೂಳೆಯ ಬೆಳವಣಿಗೆ ನೋಡುತ್ತದೆ.

ದಾಖಲೆ ಸರಿಯಿದ್ದರೂ ಇನ್ನೊಂದು ತೊಡಕಿದೆ. ಕೆನಡಾದಲ್ಲಿ ಮಕ್ಕಳ ಐಸ್ ಹಾಕಿ ನಮ್ಮ ಕ್ರಿಕೆಟ್ ಇದ್ದ ಹಾಗೆ. ಅಲ್ಲಿ ವಯೋಮಿತಿಯ ಲೆಕ್ಕ ಜನವರಿ 1ರಿಂದ. 1985ರಲ್ಲಿ ರೋಜರ್ ಬಾರ್ನ್ಸ್ಲಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ದೊಡ್ಡ ಲೀಗ್‌ಗಳ ಆಟಗಾರರ ಹುಟ್ಟಿದ ತಿಂಗಳು ಪಟ್ಟಿ ಮಾಡಿದರು. ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರು ಬಹಳ ಹೆಚ್ಚು, ವರ್ಷದ ಕೊನೆಯವರು ಬಹಳ ಕಡಿಮೆ. ಕಾರಣ ಸರಳ. ಹತ್ತು ವರ್ಷದ ಮಕ್ಕಳಲ್ಲಿ ಜನವರಿಯವನು ಡಿಸೆಂಬರ್‌ನವನಿಗಿಂತ ಸುಮಾರು ಒಂದು ವರ್ಷ ದೊಡ್ಡವನು, ಗಟ್ಟಿಮುಟ್ಟಾದವನು. ಕೋಚ್ ಅವನನ್ನೇ ಆರಿಸುತ್ತಾನೆ, ಹೆಚ್ಚು ಆಡಿಸುತ್ತಾನೆ. ಹೆಚ್ಚು ಆಡಿದವನು ನಿಜವಾಗಿಯೂ ಉತ್ತಮ ಆಟಗಾರನಾಗುತ್ತಾನೆ. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ, ಗೆರೆ ಎಳೆದ ಜಾಗವೇ ಕೆಲವರನ್ನು ಹಿಂದೆ ತಳ್ಳಿತ್ತು. ಪ್ರಾಮಾಣಿಕ ವ್ಯವಸ್ಥೆಯಲ್ಲೇ ಹೀಗಾದರೆ ಎರಡು ವರ್ಷ ಕದ್ದವನ ಎದುರು ನಿಂತ ಹುಡುಗನ ಗತಿ ಏನು? ಆದರೆ ಆ ದೇಶದಲ್ಲಿ ಆಯ್ಕೆಯಾಗದ ಮಕ್ಕಳಿಗೆ ‘ಹೌಸ್ ಲೀಗ್’ ಎಂಬ ಇನ್ನೊಂದು ಹಂತವಿದೆ. ನಮ್ಮಲ್ಲಿ ಆಯ್ಕೆಯಾಗದವನಿಗೆ ಉಳಿಯುವುದು ಹಗ್ಗದ ಆಚೆಯ ಜಾಗ.

ಕೆಲಸ ಹುಡುಕುತ್ತಿರುವ ಗೆಳೆಯರು ಇದನ್ನು ಬರೀ ಆಟದ ವಿಷಯ ಅಂದುಕೊಳ್ಳಬಾರದು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಲ್ಲಿ ಹಳ್ಳಿ ಪಂದ್ಯಾವಳಿಯ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ. ರಾಜ್ಯವನ್ನೋ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿರಬೇಕು, ಇಲ್ಲವೇ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ತಂಡದಲ್ಲಿ ಆಡಿರಬೇಕು. ಅಲ್ಲಿಗೆ ಹೋಗುವ ಮೆಟ್ಟಿಲು ತಾಲ್ಲೂಕು ಮಟ್ಟದಲ್ಲೇ ಶುರುವಾಗುತ್ತದೆ. ಕಬಡ್ಡಿ ತಂಡದಲ್ಲಿರುವುದು ಹನ್ನೆರಡೇ ಜಾಗ. ಅಲ್ಲಿ ವಯಸ್ಸು ಕದ್ದವನೊಬ್ಬ ಸೇರಿದರೆ ಒಬ್ಬ ಹುಡುಗನ ಮೆಟ್ಟಿಲೇ ಹೋಯಿತು.

ತಕ್ಕಡಿಯ ಕಥೆ

ತೂಕದ ಗೆರೆಯಾದರೂ ನೇರವಾಗಿದೆಯೇ? ಮೊದಲ ಪಿಯುಸಿಯಲ್ಲಿದ್ದಾಗ ನಾನೇ 55 ಕೆ.ಜಿ.ಗೆ ಇಳಿಯಲು ಹೋಗಿ ಪಟ್ಟ ಪಾಡು ಹೇಳುತ್ತೇನೆ. ಎರಡೂವರೆ ಕೆ.ಜಿ. ಹೆಚ್ಚಿದ್ದೆ. ಎರಡು ದಿನ ಮುದ್ದೆ ಮುಟ್ಟಲಿಲ್ಲ. ಹಿಂದಿನ ಸಂಜೆಯಿಂದ ನೀರೂ ಇಲ್ಲ. ಸ್ವೆಟರ್ ಮೇಲೆ ಜರ್ಕಿನ್ ಹಾಕಿಕೊಂಡು ಕೆರೆ ಏರಿ ಮೇಲೆ ಓಡಿದೆ. ಅಮ್ಮ ‘ಯಾವ ಸೀಮೆ ಆಟವೋ ಇದು’ ಎಂದು ಅತ್ತಳು. ತೂಕ ಸರಿಹೋಯಿತು. ಎರಡನೇ ರೈಡ್‌ಗೆ ಕಣ್ಣು ಕತ್ತಲೆ ಬಂದು ಎದುರಾಳಿಗಳ ಅಂಕಣದಲ್ಲೇ ಕುಸಿದೆ.

ಆಮೇಲೆ ಓದಿದೆ. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಹೀಗೇ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರಂತೆ. ಅಲ್ಲಿಂದ ಮುಂದೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ನಿಯಮ ಬದಲಿಸಿ ತೂಕ ಹಾಕುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದಿತು. ಆಗ ನೀರು ಬಿಟ್ಟು ತೂಕ ಇಳಿಸಿದವನಿಗೆ ಚೇತರಿಸಿಕೊಳ್ಳಲು ಸಮಯವಿರುವುದಿಲ್ಲ, ಹಾಗಾಗಿ ಇಳಿಸುವ ಆಸೆಯೂ ಕಡಿಮೆಯಾಗುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್‌ನ ಬೆಳಿಗ್ಗೆ 100 ಗ್ರಾಂ ಹೆಚ್ಚಿದ್ದರು ಎಂದು ಅನರ್ಹರಾದಾಗ ನಾವೆಲ್ಲ ಹಾಸ್ಟೆಲ್‌ನಲ್ಲಿ ಊಟ ಬಿಟ್ಟು ಕೂತಿದ್ದೆವು. ನನಗೂ ಸಂಕಟವಾಯಿತು. ಆದರೆ ಆ ರಾತ್ರಿ ಒಂದು ಯೋಚನೆ ಬಂತು. ಅಲ್ಲಿ 100 ಗ್ರಾಂಗೆ ಒಲಿಂಪಿಕ್ ಪದಕವೇ ಹೋಯಿತು. ನಾನು ಆರು ಕೆ.ಜಿ. ಹೆಚ್ಚಿದ್ದೂ ಇನ್ನೊಬ್ಬನ ಹೆಸರಲ್ಲಿ ಆಡಿ ಕಪ್ಪು ಎತ್ತಿ, ಐನೂರು ರೂಪಾಯಿ ಜೇಬಿಗಿಳಿಸಿ ಬಂದಿದ್ದೆ.

ನಾವು ಮಾಡಿ ನೋಡಿದ್ದು

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮೂರಲ್ಲಿ 60 ಕೆ.ಜಿ. ಕಬಡ್ಡಿ ಮಾಡಿದೆವು. ನಾನೂ ಸಂಘಟಕ. ಫ್ಲೆಕ್ಸ್‌ನಲ್ಲಿ ಮುಖಂಡರ ಫೋಟೊ ಕಡಿಮೆ ಮಾಡಿ ನಿಯಮಗಳನ್ನು ಹಾಕಿಸಿದೆವು. ಹನ್ನೆರಡು ಆಟಗಾರರ ಹೆಸರು, ಫೋಟೊ ಮತ್ತು ಆಧಾರ್ ಪ್ರತಿಯನ್ನು ವಾರ ಮೊದಲೇ ಕೊಡಬೇಕು. ಎಲ್ಲರೂ ನಮ್ಮ ತಾಲ್ಲೂಕಿನವರಾಗಿರಬೇಕು. ಪಂದ್ಯದ ದಿನ ಎಲ್ಲ ತಂಡಗಳೂ ಎಲ್ಲರ ಎದುರಿಗೆ ತೂಕ ಕೊಡಬೇಕು. ತಕರಾರು ಬಂದರೆ ನಮ್ಮೂರಿನವರಲ್ಲದ ಮೂವರು ತೀರ್ಮಾನಿಸುತ್ತಾರೆ. ಇಬ್ಬರು ನಿವೃತ್ತ ಪಿ.ಟಿ. ಮೇಷ್ಟ್ರು ಮತ್ತು ಹಿಂದೆ ಆಡುತ್ತಿದ್ದ ಒಬ್ಬರು ಒಪ್ಪಿಕೊಂಡರು.

ಮೊದಲ ಬಹುಮಾನ ಕೊಡುತ್ತೇನೆ ಎಂದಿದ್ದವರು ‘ಒಳ್ಳೇ ಪ್ಲೇಯರ್ಸೇ ಬರಲ್ಲ ಅಂದ್ರೆ ಜನ ಯಾಕ್ ಬರ್ತಾರೆ?’ ಎಂದು ಹಿಂದೆ ಸರಿದರು. ಬಹುಮಾನದ ಮೊತ್ತ ಅರ್ಧಕ್ಕೆ ಇಳಿಯಿತು. ಹಿಂದಿನ ವರ್ಷ ಇಪ್ಪತ್ತು ದಾಟಿದ್ದ ತಂಡಗಳ ಸಂಖ್ಯೆ ಒಂಬತ್ತಕ್ಕೆ ಬಂತು. ನಮ್ಮೂರಿನ ಮೊದಲ ರೈಡರ್ ನ್ಯಾಯಬೆಲೆ ಅಂಗಡಿಯಿಂದ ತಂದ ತಕ್ಕಡಿ ಮೇಲೆ ನಿಂತಾಗ 60.8 ತೋರಿಸಿತು. ‘ನಮ್ಮೂರ ಟೂರ್ನಮೆಂಟು, ನಮ್ಮ ದುಡ್ಡು, ಎಂಟ್ನೂರ್ ಗ್ರಾಂಗೆ ಏನ್ಲಾ ನಿಂದು’ ಅಂದರು ಊರಿನವರು. ಅವನನ್ನು ಹೊರಗೆ ಕೂರಿಸಿದೆವು. ಒಂದು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ. ನಮ್ಮ ತಂಡ ಸೆಮಿಫೈನಲ್‌ಗೂ ಹೋಗಲಿಲ್ಲ.

ಒಂಬತ್ತು ತಂಡಗಳನ್ನು ಮೂರರಂತೆ ಮೂರು ಗುಂಪು ಮಾಡಿದೆವು. ಗುಂಪಿನ ವಿಜೇತರು ಮೂವರು, ಎರಡನೇ ಸ್ಥಾನದವರಲ್ಲಿ ಅಂಕಗಳ ವ್ಯತ್ಯಾಸ ಚೆನ್ನಾಗಿರುವ ಒಬ್ಬರು, ಹೀಗೆ ನಾಲ್ಕು ತಂಡ ಸೆಮಿಫೈನಲ್‌ಗೆ. ನಾಕ್‌ಔಟ್ ಆಗಿದ್ದರೆ ಎಂಟು ಪಂದ್ಯ, ಇಲ್ಲಿ ಹನ್ನೆರಡಾಯಿತು. ಹೆಚ್ಚಿಗೆ ಬೇಕಾಗಿದ್ದು ನಾಲ್ಕು ಪಂದ್ಯದ ಸಮಯ ಮಾತ್ರ. ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿ ರಾತ್ರಿ ಹತ್ತರೊಳಗೆ ಮುಗಿಸಿದೆವು. ಯಾವ ತಂಡವೂ ಎರಡಕ್ಕಿಂತ ಕಡಿಮೆ ಪಂದ್ಯ ಆಡಲಿಲ್ಲ. ಮೊದಲ ಪಂದ್ಯದಲ್ಲಿ 22 ಪಾಯಿಂಟ್‌ಗಳಿಂದ ಸೋತ ಒಂದು ತಂಡ ಎರಡನೆಯದನ್ನು ಒಂದು ಪಾಯಿಂಟ್‌ನಿಂದ ಗೆದ್ದು, ಕಪ್ಪೇ ಸಿಕ್ಕಂತೆ ಕುಣಿಯಿತು. ನಾಕ್‌ಔಟ್ ಆಗಿದ್ದರೆ ಅವರು ಮಧ್ಯಾಹ್ನವೇ ಗಾಡಿ ಹತ್ತಿರುತ್ತಿದ್ದರು.

ನಮ್ಮದು ಪೂರ್ತಿ ಸರಿಯಾಗಿತ್ತು ಎಂದು ಹೇಳುವುದಿಲ್ಲ. ಹುಡುಗಿಯರ ವಿಭಾಗ ಮಾಡಬೇಕೆಂದು ಮಾತಾಡಿದೆವು, ಮಾಡಲಿಲ್ಲ. ಬೇರೆ ಜಿಲ್ಲೆಯಿಂದ ಬಂದು ಇಲ್ಲಿನ ಕಾರ್ಖಾನೆಯಲ್ಲಿ ದುಡಿಯುವ ಇಬ್ಬರು ಹುಡುಗರ ಆಧಾರ್‌ನಲ್ಲಿ ಹಳೇ ವಿಳಾಸವಿತ್ತು ಎಂದು ಆಡಲು ಬಿಡಲಿಲ್ಲ. ಅದು ತಪ್ಪು ಅಂತ ಈಗ ಅನ್ನಿಸುತ್ತಿದೆ. ದಾಬಸ್‌ಪೇಟೆ, ಅಪೆರಲ್ ಪಾರ್ಕ್, ವಿಮಾನ ನಿಲ್ದಾಣದ ಸುತ್ತ ದುಡಿಯುವ ಎಷ್ಟೋ ಹುಡುಗರಿಗೆ ಇದೇ ಈಗ ಊರು. ಮುಂದಿನ ವರ್ಷ ಆರು ತಿಂಗಳಿಂದ ಇಲ್ಲಿ ವಾಸವಿರುವುದಕ್ಕೆ ಏನಾದರೊಂದು ದಾಖಲೆ ಇದ್ದರೆ ಸಾಕು ಎಂದು ಬದಲಿಸಬೇಕು.

ಸರ್ಕಾರವೂ ಮಾಡಬಹುದಾದ್ದು ಇದೆ. ಪ್ರತಿ ತಾಲ್ಲೂಕಿನಲ್ಲಿ ಯುವಕ ಸಂಘಗಳನ್ನು ಎರಡು ಹಂತ ಮಾಡಿ, ಭಾನುವಾರಗಳಂದು ಮೂರು ತಿಂಗಳ ಲೀಗ್ ನಡೆಸಲು ದೊಡ್ಡ ಅನುದಾನವೇನೂ ಬೇಡ. ಒಂದು ಮೈದಾನ, ಒಂದು ತಕ್ಕಡಿ, ಇಬ್ಬರು ರೆಫರಿಗಳು ಮತ್ತು ಎಲ್ಲರಿಗೂ ಕಾಣುವ ಒಂದು ಪಟ್ಟಿ ಸಾಕು. ಆದರೆ ಅದು ಬರುವವರೆಗೆ ಕಾಯುವ ಅಗತ್ಯವಿಲ್ಲ. ಹಳ್ಳಿಯ ಪಂದ್ಯಾವಳಿ ನಡೆಸುವವರು ನಾವೇ. ಹೆಸರು ಬದಲಿಸುವವರು, ಅದಕ್ಕೆ ಕಣ್ಣು ಮುಚ್ಚಿಕೊಳ್ಳುವವರೂ ನಾವೇ.

ನಮ್ಮ ಪಂದ್ಯಾವಳಿಗೆ ಬಾ ಎಂದು, ನಾನು ಯಾರ ಹೆಸರಲ್ಲಿ ಆಡಿದ್ದೆನೋ ಆ ಹುಡುಗನಿಗೆ ಫೋನ್ ಮಾಡಿದ್ದೆ. ಬೇರೆ ತಾಲ್ಲೂಕಿನವನು, ಆಡಲಾಗದಿದ್ದರೂ ರೇಖಾ ಅಂಪೈರ್ ಆಗು ಎಂದೆ. ಕ್ಷಮೆಯನ್ನೂ ಕೇಳಿದೆ. ‘ಅಯ್ಯೋ ಬಿಡಿ ಅಣ್ಣ, ಅದೆಲ್ಲ ಯಾವಾಗ್ಲೋ ಆಯ್ತು. ಭಾನುವಾರ ಗಾರ್ಮೆಂಟ್ಸ್‌ನಲ್ಲಿ ಓಟಿ ಇದೆ’ ಅಂದ. ಅವನು ಬರಲಿಲ್ಲ.

ನಿಮ್ಮೂರಲ್ಲಿ ಈ ವರ್ಷ ಫ್ಲೆಕ್ಸ್ ಕಟ್ಟುವ ಮೊದಲು ಒಂದು ಸಂಜೆ ಕೂತು ನಿಯಮ ಬರೆಯಿರಿ. ಹಗ್ಗದ ಆಚೆ ಕೂತಿರುವವನು ಯಾರು, ಅವನ ಹೆಸರಲ್ಲಿ ಒಳಗೆ ಆಡುತ್ತಿರುವವನು ಯಾರು ಎಂದು ಒಮ್ಮೆ ಎದ್ದು ನಿಂತು ನೋಡಿ.