ಎಂಜಿನ್ ಸಿಕ್ಕಿತು, ಕ್ಲಚ್ ಯಾವುದು?

ಅಡಿಕೆ ತೋಟದಲ್ಲಿ ಗಿಡದಿಂದ ಗಿಡಕ್ಕೆ ಸಾಮಾನ್ಯವಾಗಿ ಒಂಬತ್ತು ಅಡಿ. ಕೊರಟಗೆರೆ, ಸಿರಾ ಕಡೆಯ ಇಂಥ ಸಾಲುಗಳಲ್ಲಿ ದೊಡ್ಡ ಟ್ರ್ಯಾಕ್ಟರ್ ಹೊಕ್ಕರೆ ಬೇರಿಗೂ ಏಟು, ಡ್ರಿಪ್ ಪೈಪಿಗೂ ಏಟು. ಪವರ್ ಟಿಲ್ಲರ್ ತೋಟದ ಬಂಟನಾದದ್ದು ಹೀಗೆ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆಗೂಡಿ ಹುಟ್ಟಿಕೊಂಡಿತು. ಕೇರಳ ಸರ್ಕಾರದ ಕಾಮ್ಕೊ 1973ರಲ್ಲಿ ಬಂತು, ಅದರದು ಕುಬೋಟ ಮಾದರಿ. ಅಂಥ ಹಳೆಯ ಯಂತ್ರಗಳಲ್ಲಿ ಎಂಜಿನ್ ಸವೆದು ಹೊಗೆ ಕಾರತೊಡಗಿದರೂ ಗೇರ್‌ಬಾಕ್ಸ್ ಗಟ್ಟಿಯಾಗಿಯೇ ಉಳಿದಿರುತ್ತದೆ. ಅದನ್ನು ಗುಜರಿಗೆ ಹಾಕಲು ರೈತನಿಗೆ ಮನಸ್ಸು ಬರುವುದಿಲ್ಲ. ಬರಬಾರದು ಕೂಡ.

ಬೇರೆ ಎಂಜಿನ್ ಕೂರಿಸಲು ಲೇತ್ ಅಂಗಡಿಗೆ ಹೋದರೆ ಮೊದಲು ಕೇಳಿಬರುವ ಪ್ರಶ್ನೆ, "ಎಷ್ಟು ಎಚ್‌ಪಿ?" ಎಡವಟ್ಟು ಶುರುವಾಗುವುದೇ ಅಲ್ಲಿ. ಕ್ಲಚ್‌ಗೆ ಎಚ್‌ಪಿ ಗೊತ್ತಿಲ್ಲ. ಅದು ಹೊರುವುದು ತಿರುಗುಬಲವನ್ನು, ಮೆಕ್ಯಾನಿಕ್‌ಗಳು ಟಾರ್ಕ್ ಎನ್ನುವುದನ್ನು.

ಲೆಕ್ಕ ಸುಲಭ. 716ನ್ನು ಅಶ್ವಶಕ್ತಿಯಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಭಾಗಿಸಿದರೆ ಕಿಲೋಗ್ರಾಂ-ಮೀಟರಿನಲ್ಲಿ ತಿರುಗುಬಲ ಸಿಗುತ್ತದೆ. 2400 ಸುತ್ತಿನ 13 ಎಚ್‌ಪಿ ಟಿಲ್ಲರ್ ಎಂಜಿನ್‌ಗೆ ಸುಮಾರು 3.9. ಬೋರ್‌ವೆಲ್ ಮೋಟರ್ ಬಂದ ಮೇಲೆ ಮೂಲೆಗೆ ಸೇರಿದ, 1500 ಸುತ್ತಿನ 8 ಎಚ್‌ಪಿ ನೀರೆತ್ತುವ ಡೀಸೆಲ್ ಎಂಜಿನ್‌ಗೆ 3.8. ಹೆಚ್ಚುಕಡಿಮೆ ಒಂದೇ! "ಎಂಟೇ ಎಚ್‌ಪಿ ತಾನೆ" ಎಂದು ಹಗುರ ಕ್ಲಚ್ ಹಾಕಿದವನಿಗೆ ಮೊದಲ ಉಳುಮೆಯಲ್ಲೇ ಸುಟ್ಟ ವಾಸನೆ ಬರುತ್ತದೆ. ಸಿಂಗಲ್ ಸಿಲಿಂಡರ್ ಎಂಜಿನ್‌ನಲ್ಲಂತೂ ಎರಡು ಸುತ್ತಿಗೊಮ್ಮೆ ಮಾತ್ರ ಹೊಡೆತ ಬೀಳುವುದರಿಂದ, ಆ ಕ್ಷಣದ ಬಲ ಈ ಸರಾಸರಿಗಿಂತ ಬಹಳ ಹೆಚ್ಚು. ಲೆಕ್ಕಕ್ಕೆ ಬಂದದ್ದಕ್ಕಿಂತ ಒಂದೂವರೆ ಪಟ್ಟಾದರೂ ತಾಳುವ ಕ್ಲಚ್ ಇರಬೇಕು.

ಕ್ಲಚ್ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ. ಈ ಟಿಲ್ಲರ್‌ಗಳಲ್ಲಿ ಎಂಜಿನ್‌ನಿಂದ ಬೆಲ್ಟು ಹೊರಟು ಗೇರ್‌ಬಾಕ್ಸ್ ಬದಿಯ ಪುಲ್ಲಿಗೆ ಬರುತ್ತದೆ. ಹಲವು ಒಣ ಪ್ಲೇಟುಗಳ ಕ್ಲಚ್ ಇರುವುದು ಆ ಪುಲ್ಲಿಯೊಳಗೆ. ಹಾಗಾಗಿ ಬೀಳುವ ಭಾರವನ್ನು ಪುಲ್ಲಿಯ ಅಳತೆಯಿಂದಲೇ ಇಳಿಸಬಹುದು. 1500 ಸುತ್ತಿನ ಎಂಜಿನ್‌ಗೆ ಹಳೆಯದಕ್ಕಿಂತ 1.6 ಪಟ್ಟು ದೊಡ್ಡ ಪುಲ್ಲಿ ಹಾಕಿದರೆ ಗೇರ್‌ಬಾಕ್ಸ್‌ಗೆ ಮೊದಲಿನ ವೇಗವೇ ಸಿಗುತ್ತದೆ, ಕ್ಲಚ್‌ನ ಹೊರೆಯೂ ಎಂಟರಲ್ಲಿ ಐದು ಪಾಲಿಗೆ ಇಳಿಯುತ್ತದೆ. 3600 ಸುತ್ತಿನ ಪೆಟ್ರೋಲ್ ಎಂಜಿನ್‌ನದು ಇದಕ್ಕೆ ತದ್ವಿರುದ್ಧ. ಹಳೆಯ ಪುಲ್ಲಿಯನ್ನೇ ಬಿಟ್ಟರೆ ರೋಟರಿ ಅಲಗುಗಳು ಒಂದೂವರೆ ಪಟ್ಟು ವೇಗದಲ್ಲಿ ತಿರುಗುತ್ತವೆ. ವೇಗ ಇಳಿಸಲೆಂದು ಪುಲ್ಲಿಯನ್ನು ತೀರಾ ಚಿಕ್ಕದು ಮಾಡಿದರೆ ಬೆಲ್ಟಿಗೆ ಹಿಡಿತ ಸಾಲದು. ಎಂಜಿನ್ ತಿರುಗುವ ದಿಕ್ಕನ್ನಂತೂ ಕೊಳ್ಳುವ ಮೊದಲೇ ನೋಡಬೇಕು. ದಿಕ್ಕು ತಪ್ಪಿದರೆ ಮುಂದಿನ ಗೇರಿಗೆ ಯಂತ್ರ ಹಿಂದಕ್ಕೆ, ನಡೆಸುವವನ ಕಾಲಿನ ಮೇಲೆ ಬರುತ್ತದೆ.

ಇನ್ನು ಆಯ್ಕೆ. ಹಳೆಯ ಪ್ಲೇಟ್ ಕ್ಲಚ್ ಜೀವಂತವಿದ್ದರೆ ಅದನ್ನು ಬಿಡಲೇಬಾರದು. ಪ್ಲೇಟುಗಳನ್ನೂ ಸ್ಪ್ರಿಂಗುಗಳನ್ನೂ ಬದಲಿಸಿ, ಅದಕ್ಕೂ ಮೊದಲು ಗೇರ್‌ಬಾಕ್ಸ್‌ನ ಆಯಿಲ್ ಸೀಲ್ ಬದಲಿಸುವುದು ಸರಿಯಾದ ದಾರಿ. ಎಣ್ಣೆ ಸೋರಿ ಪ್ಲೇಟಿಗೆ ತಾಗಿದರೆ ಹೊಸದೂ ಜಾರುತ್ತದೆ. ಆ ಕ್ಲಚ್ ಸಿಗದಿದ್ದರೆ ಎರಡನೆಯದು, ಬೆಲ್ಟನ್ನೇ ಬಿಗಿ-ಸಡಿಲ ಮಾಡುವ ಟೆನ್ಷನ್ ಪುಲ್ಲಿ. ಅಗ್ಗ, ಊರಿನಲ್ಲೇ ಮಾಡಿಸಬಹುದು, ಅಲಗು ಕಲ್ಲಿಗೆ ಸಿಕ್ಕಿದಾಗ ಬೆಲ್ಟು ಜಾರಿ ಗೇರನ್ನು ಉಳಿಸುತ್ತದೆ. ಆದರೆ ಪುಲ್ಲಿಯನ್ನು ಬೆಲ್ಟಿನ ಸಡಿಲ ಬದಿಗೇ ಕೂರಿಸಬೇಕು. ಸಡಿಲಿಸಿದಾಗ ಬೆಲ್ಟು ಎದ್ದು ನಿಲ್ಲುವಂತೆ ಸುತ್ತ ಕಂಬಿ ಕೊಡಬೇಕು, ಇಲ್ಲವಾದರೆ ಲಿವರ್ ಬಿಟ್ಟರೂ ಯಂತ್ರ ತೆವಳುತ್ತಲೇ ಇರುತ್ತದೆ. ವೇಗ ಹೆಚ್ಚಿದಾಗ ತಾನಾಗಿ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್ ಉಳುಮೆಗೆ ಖಂಡಿತ ಬೇಡ. ಗಟ್ಟಿ ನೆಲ ಸಿಕ್ಕಿ ಎಂಜಿನ್ ವೇಗ ಇಳಿದಾಗಲೇ ಹಿಡಿತ ಬೇಕು, ಅದು ಕೈಬಿಡುವುದೂ ಆಗಲೇ.

ಹಣದ ವಿಷಯಕ್ಕಿಂತ ದೊಡ್ಡದೊಂದಿದೆ. ಅನೇಕ ಟಿಲ್ಲರ್‌ಗಳಲ್ಲಿ ಮುಖ್ಯ ಕ್ಲಚ್ ಲಿವರನ್ನು ಇನ್ನಷ್ಟು ಎಳೆದರೆ ಬ್ರೇಕ್ ಹಿಡಿಯುತ್ತದೆ. ಟೆನ್ಷನ್ ಪುಲ್ಲಿ ಹಾಕುವ ಭರದಲ್ಲಿ ಆ ಸರಳು ಕಳಚಿ ಹೋದರೆ ಯಂತ್ರಕ್ಕೆ ಬ್ರೇಕೇ ಇಲ್ಲದಂತಾಗುತ್ತದೆ. ಮಧುಗಿರಿ ಸುತ್ತಿನ ಗುಡ್ಡದ ಇಳಿಜಾರಿನಲ್ಲಿ, ಹಿಂದೆ ಟ್ರೈಲರ್‌ನಲ್ಲಿ ಗೊಬ್ಬರವೋ ಜನವೋ ಇದ್ದಾಗ ಇದು ಪ್ರಾಣಕ್ಕೆ ಬರುವ ತಪ್ಪು. ಇಳಿಜಾರಿನಲ್ಲಿ, ಎಡ ಚಕ್ರವನ್ನು ಬಿಡಿಸುವ ಎಡಗೈಯ ಸ್ಟಿಯರಿಂಗ್ ಕ್ಲಚ್ ಒತ್ತಿದರೆ ಟಿಲ್ಲರ್ ಬಲಕ್ಕೆ ತಿರುಗುತ್ತದೆ ಎಂಬುದು ಹಳೆಯ ಚಾಲಕರಿಗೆ ಮೈಗೂಡಿದ ಪಾಠ. ಬಿಟ್ಟ ಚಕ್ರ ಭಾರಕ್ಕೆ ಸಿಕ್ಕಿ ಮುಂದೋಡುತ್ತದೆ. ಹೊಸಬನಿಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಸರ್ಕಾರದ ಪಾಲೂ ಇಲ್ಲಿದೆ. ಕೃಷಿ ಯಾಂತ್ರೀಕರಣದ ಸಹಾಯಧನ ಸಿಗುವುದು ಹೊಸ ಯಂತ್ರಕ್ಕೆ. ಹಳೆಯದನ್ನು ಸುರಕ್ಷಿತವಾಗಿ ಓಡಿಸಲು ಹೊರಟವನ ಕೈಗೆ ಏನೂ ಬರುವುದಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಟಿಲ್ಲರ್ ಮತ್ತು ಅದರ ಎಂಜಿನ್, ಗೇರ್‌ಬಾಕ್ಸ್‌ಗಳ ಆಮದಿಗೆ ನಿರ್ಬಂಧ ಹಾಕಿತು. ದೇಶದ ಕಾರ್ಖಾನೆಗಳಿಗೆ ಅದು ಆಸರೆಯಾಗಿರಬಹುದು, ಆದರೆ ಆಗಲೇ ಊರು ಸೇರಿದ್ದ ವಿದೇಶಿ ಟಿಲ್ಲರ್‌ಗಳ ದುರಸ್ತಿಗೆ ದಾರಿ ಇನ್ನಷ್ಟು ಕಿರಿದಾಯಿತು. ತಾಲ್ಲೂಕು ಕೇಂದ್ರಗಳ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಒಂದು ಹಳೆಯ ಟಿಲ್ಲರ್ ಕೊಟ್ಟು ಎಂಜಿನ್ ಬದಲಿಸುವುದನ್ನು, ಪುಲ್ಲಿಯ ಲೆಕ್ಕವನ್ನು ಕಲಿಸಿದರೆ ತಗಲುವ ಖರ್ಚು ಎಷ್ಟು? ಪಾವಗಡದಲ್ಲಿ ಕಡಲೆಕಾಯಿ ಬಿತ್ತನೆಗೆ ಹದ ಇರುವುದು ನಾಲ್ಕಾರು ದಿನ. ಆ ದಿನಗಳಲ್ಲಿ ಕ್ಲಚ್ ಕೈಕೊಟ್ಟರೆ ಮಳೆ ಕಾಯುವುದಿಲ್ಲ.

ಅಂಥ ಕಲಿಕೆ ಬರುವವರೆಗೆ ರೈತನೇ ಪರೀಕ್ಷೆ ಮಾಡಿ ದುಡ್ಡು ಕೊಡಲಿ. ಅಂಗಡಿಯ ಮುಂದೆ ಸಮತಟ್ಟು ನೆಲದಲ್ಲಿ, ಎಂಜಿನ್ ಓಡುತ್ತಿರುವಾಗ ಗೇರ್ ಹಾಕಿ ಲಿವರ್ ಎಳೆಯಬೇಕು: ಚಕ್ರ ಪೂರ್ತಿ ನಿಲ್ಲಬೇಕು, ತೆವಳಬಾರದು. ಆಮೇಲೆ ಸಣ್ಣ ಇಳಿಜಾರಿಗೆ ಒಯ್ದು, ಟ್ರೈಲರ್ ಕಟ್ಟದೆ, ಅದೇ ಲಿವರನ್ನು ಪೂರ್ತಿ ಎಳೆದು ನೋಡಬೇಕು. ಬ್ರೇಕ್ ಹಿಡಿಯದಿದ್ದರೆ ಯಂತ್ರ ಅಲ್ಲಿಂದಲೇ ಲೇತ್ ಅಂಗಡಿಗೆ ವಾಪಸು.